ಪುಲ್ಲಿ ಬದಲಾಯಿತು, ಶ್ರುತಿ ತಪ್ಪಿತು

ಕಾರಿಗೆ ಹೊಸ ಪುಲ್ಲಿ (ಬೆಲ್ಟ್ ಓಡುವ ಗಾಲಿ) ಹಾಕಿಯೂ ಬಲ ಏರದ ಆರು ವಾರದ ತಲೆನೋವು ಮೊನ್ನೆ ಭಾನುವಾರ ಬಿಟ್ಟಿತು. ಬಿಡಿಸಿದ್ದು ಸ್ಕ್ಯಾನರ್ ಅಲ್ಲ, ಮೆಕ್ಯಾನಿಕ್ ಅಲ್ಲ, ಧಾರವಾಡದ ಒಬ್ಬ ಸಂಗೀತ ಮಾಸ್ತರ. ಅದು ಹೇಗೆ ಅಂತ ಹೇಳುವ ಮೊದಲು ನಾನು ಎಷ್ಟು ದೊಡ್ಡ ದಡ್ಡನಾದೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಗಾಡಿ ನನ್ನ ಹಳೇ ಮರ್ಸಿಡಿಸ್ ಸಿ 200 ಕಂಪ್ರೆಸರ್. 1.8 ಲೀಟರ್ ಎಂ271 ಎಂಜಿನ್, ಹೊಸದರಲ್ಲಿ 163 ಕುದುರೆ. ಈಗ ಎಷ್ಟು ಉಳಿದಿವೆಯೋ ದೇವರಿಗೇ ಗೊತ್ತು. ಬ್ಲೋವರಿಗೆ, ಅಂದರೆ ಬೆಲ್ಟಿನಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪಿಗೆ, ಚಿಕ್ಕ ಪುಲ್ಲಿ ಹಾಕಿದೆ, ಹಳೆಯದಕ್ಕಿಂತ 8 ಶೇಕಡಾ ಜಾಸ್ತಿ ತಿರುಗುವ ಲೆಕ್ಕ. ಬಿಚ್ಚಿದ್ದು, ಹಾಕಿದ್ದು ಬರೆಯುವುದಿಲ್ಲ. ಮಾಡಿದವರಿಗೆ ಗೊತ್ತು, ಮಾಡದವರಿಗೆ ಬೆರಳಿನ ಗಾಯ ತೋರಿಸಬೇಕಾಗುತ್ತದೆ. ಪುಲ್ಲಿ ಕಳಿಸಿದ ಅಂಗಡಿಯವನ ಬಗ್ಗೆ ಮಾತ್ರ ಒಂದು ಮಾತು. "ಒಂದು ವಾರ" ಅಂದವನು 47 ದಿನ ತೆಗೆದುಕೊಂಡ. ಬಂದ ಡಬ್ಬಿಯಲ್ಲಿ ಬೋಲ್ಟ್ ಇರಲಿಲ್ಲ. ಕೇಳಿದರೆ "ಹಳೇದನ್ನೇ ಹಾಕ್ಕೊಳ್ಳಿ ಸರ್" ಅಂದ. ಬೆಲ್ಟ್ ಕೇಳಿದರೂ ಅದೇ ಉತ್ತರ. ಈ ಎರಡನೇ ಉತ್ತರವನ್ನು ನೆನಪಿಟ್ಟುಕೊಳ್ಳಿ.

ಪುಲ್ಲಿ ಹಾಕಿದ ಮೇಲೆ ನಿಜವಾಗಿ ಎಷ್ಟು ಬಂತು? ಗಾಡಿ ಎಳೆಯುತ್ತದೆ ಅಂತ ಬೆನ್ನು ಹೇಳುತ್ತದೆ. ಆದರೆ ದುಡ್ಡು ಕೊಟ್ಟವನ ಬೆನ್ನು ಯಾವಾಗಲೂ ಹಾಗೇ ಹೇಳುತ್ತದೆ. ಡೈನೋಗೆ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಅಂತ ಬೆಂಗಳೂರಿಗೆ ಹೋಗಿ ಬರುವ ಪೆಟ್ರೋಲಿನಲ್ಲಿ ಇನ್ನೊಂದು ಪುಲ್ಲಿ ಬರುತ್ತದೆ. ಹಾಗಾಗಿ ಹಳೇ ವಿಧಾನ: ಎರಡನೇ ಗೇರು ಹಿಡಿದು, ಪೂರ್ತಿ ಒತ್ತಿ, ಗಂಟೆಗೆ 40ರಿಂದ 80 ಕಿಮೀ ಮುಟ್ಟಲು ಎಷ್ಟು ಸೆಕೆಂಡು ಅಂತ ಅಳೆಯುವುದು. ಎಂಜಿನ್ 2,700ರಿಂದ 5,500 ಆರ್‌ಪಿಎಂವರೆಗೆ (ನಿಮಿಷಕ್ಕೆ ಅಷ್ಟು ಸುತ್ತು) ಏರುತ್ತದೆ, ವೇಗ ಕಾನೂನಿನೊಳಗೇ ಇರುತ್ತದೆ. ನನ್ನದು ಆಟೋಮ್ಯಾಟಿಕ್, ಎರಡನೇ ಗೇರಿನಲ್ಲಿ ಕನ್ವರ್ಟರ್ (ಎಂಜಿನ್ನಿಗೂ ಗೇರಿಗೂ ನಡುವಿನ ಎಣ್ಣೆಯ ಜೋಡಣೆ) ಜಾರುತ್ತದೆ. ಅದಕ್ಕೇ ಆರ್‌ಪಿಎಂ ನಂಬದೆ ಜಿಪಿಎಸ್ ವೇಗ ಹಿಡಿದೆ. ಫೋನಿನ ಜಿಪಿಎಸ್ಸು ಸಾಲದು. ಅದು ಸೆಕೆಂಡಿಗೆ ಒಂದೇ ಸಲ ಹೇಳುತ್ತದೆ, ಅಷ್ಟರಲ್ಲಿ ಗಾಡಿ 22 ಮೀಟರ್ ಮುಂದೆ ಹೋಗಿರುತ್ತದೆ. ಹುಡುಕುತ್ತಿರುವ ಲಾಭವೇ ಸೆಕೆಂಡಿನ ಹತ್ತರಲ್ಲಿ ಮೂರ್ನಾಲ್ಕು ಪಾಲು. ಸೆಕೆಂಡಿಗೆ ಹತ್ತು ಸಲ ಹೇಳುವ ರಿಸೀವರ್ ಸಾಲ ತಂದೆ.

ಫೆಬ್ರವರಿಯಲ್ಲಿ, ಹಳೇ ಪುಲ್ಲಿಯಲ್ಲಿ ಒಂದು ಸುತ್ತು ಅಳೆದಿದ್ದೆ. ಗದಗ ರಸ್ತೆ, ಅಣ್ಣಿಗೇರಿ ದಾಟಿದ ಮೇಲಿನ ನೆಟ್ಟಗಿನ ತುಂಡು. ಬೆಳಗಿನ ಆರು ಗಂಟೆ, ಜೋಳದ ದಂಟು ಅಲುಗಾಡದಷ್ಟು ಗಾಳಿ ಸ್ತಬ್ಧ. ಟ್ಯಾಂಕು ಫುಲ್. ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಮಾಸ್ತರ ಕೂತಿದ್ದ. ಧಾರವಾಡದಲ್ಲಿ ಹಿಂದೂಸ್ತಾನಿ ಗಾಯನ ಕಲಿಸುತ್ತಾನೆ, ತೂಕ 95 ಕೆಜಿ. ಈ 95 ಕೂಡ ನೆನಪಿರಲಿ. ಆವತ್ತಿನ ಸರಾಸರಿ 4.6 ಸೆಕೆಂಡು.

ಜೂನ್‌ನಲ್ಲಿ ಪುಲ್ಲಿ ಕೂತಿತು. ಮಾರನೇ ಬೆಳಿಗ್ಗೆ ತಡೆಯಲಾರದೆ ಒಬ್ಬನೇ ಓಡಿದೆ. 4.2! ಹಿಗ್ಗಿ ಹೀರೇಕಾಯಿಯಾದೆ. 8 ಶೇಕಡಾ ಪುಲ್ಲಿಗೆ ಹೆಚ್ಚುಕಮ್ಮಿ 8 ಶೇಕಡಾ ಲಾಭ. ಅಂಗಡಿಯವನನ್ನು ಕ್ಷಮಿಸಿಬಿಟ್ಟೆ. ಅಣ್ಣಿಗೇರಿಯಲ್ಲಿ ನಿಂತು ಗಿರ್ಮಿಟ್ಟು, ಮಿರ್ಚಿ ತಿಂದು, ಅಲ್ಲಿಂದಲೇ ನಾಲ್ಕು ಜನರಿಗೆ ಫೋನ್ ಮಾಡಿದೆ.

ವಾಪಸ್ ಹುಬ್ಬಳ್ಳಿ ಕಡೆ ಬರುವಾಗ ಸುಮ್ನೆ ಇನ್ನೊಂದು ಓಟ ತೆಗೆದೆ. ಅದೇ ತುಂಡು, ಉಲ್ಟಾ ದಿಕ್ಕು. 4.35. ಅಲ್ಲಿಗೆ ಮಿರ್ಚಿ ಗಂಟಲಲ್ಲಿ ಸಿಕ್ಕಿತು.

ಜೂನ್ ಅಲ್ವಾ, ಮುಂಗಾರು ಗಾಳಿ. ಪಶ್ಚಿಮದಿಂದ ಬೀಸುತ್ತದೆ, ಹುಬ್ಬಳ್ಳಿಯಿಂದ ಗದಗಿಗೆ ಹೋಗುವವನ ಬೆನ್ನಿಗೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. 20 ಕಿಮೀ ಗಾಳಿ ಬೆನ್ನಿಗಿದ್ದರೆ ಮತ್ತು ಎದುರಿಗಿದ್ದರೆ, 60ರ ವೇಗದಲ್ಲಿ ವ್ಯತ್ಯಾಸ ಸುಮಾರು ಎರಡೂವರೆ ಕುದುರೆ. ನೂರಕ್ಕೆ ಒಂದರ ಏರು ಇದ್ದರೆ ಮೂರೂವರೆ ಕುದುರೆ ಹೋಯಿತು. ಎರೆ ಭೂಮಿಯ ರಸ್ತೆ ನೋಡಲು ಸಪಾಟು, ಆದರೆ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ ಅಲೆ ಅಲೆಯಾಗಿರುತ್ತದೆ. ಇನ್ನು ತೂಕ. ಆವತ್ತು ಮಾಸ್ತರ ಇರಲಿಲ್ಲ. 1,700 ಕೆಜಿಯಲ್ಲಿ 95 ಅಂದರೆ ಐದೂವರೆ ಶೇಕಡಾ. ಟ್ಯಾಂಕಿನಲ್ಲಿ 30 ಕೆಜಿ ಪೆಟ್ರೋಲ್ ಕಡಿಮೆ ಇತ್ತು, ಅದು ಹತ್ತಿರ ಎರಡು. ಬೆನ್ನಿನ ಗಾಳಿ ಒಂದೂಕಾಲು. ಕೂಡಿಸಿ ನೋಡಿ. ನನ್ನ "ಪುಲ್ಲಿ ಲಾಭ" ಪೂರ್ತಿ ಅಲ್ಲೇ ಇದೆ. ನಾನು ಅಳೆದದ್ದು ಪುಲ್ಲಿಯನ್ನಲ್ಲ, ಮಾಸ್ತರನ ಗೈರುಹಾಜರಿಯನ್ನು.

ಮುಂದಿನ ವಾರ ಸರಿಯಾಗಿ ಮಾಡಿದೆ. ಮಾಸ್ತರನನ್ನು ನಸುಕಿನಲ್ಲಿ ಎಬ್ಬಿಸಿ ತಂದೆ, ಟ್ಯಾಂಕ್ ಫುಲ್, ಆ ಕಡೆ ಆರು ಓಟ, ಈ ಕಡೆ ಆರು. ನಡುವೆ ಹತ್ತು ಹತ್ತು ನಿಮಿಷ ಬಿಡುವು. ಸರಾಸರಿ 4.6. ಅಂದರೆ ಫೆಬ್ರವರಿಯದೇ. ಎರಡು ತಿಂಗಳ ಉಳಿತಾಯ ಹಾಕಿ ಕೊಂಡದ್ದು ಸೊನ್ನೆ.

ಓಟದ ಲಾಗ್ (ಸೆನ್ಸರುಗಳ ದಾಖಲೆ) ತೆಗೆದು ನೋಡಿದೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಮೇಲಿದೆ. ಎಂಜಿನ್ ಆಫ್ ಇದ್ದಾಗ ನನ್ನ ಸೆನ್ಸರ್ ತೋರಿಸುವ ಗಾಳಿಯ ಒತ್ತಡವೇ 93-94 ಕೆಪಿಎ (ಕಿಲೋಪಾಸ್ಕಲ್). ಅಂಗಡಿಯವನ ಚಾರ್ಟಿನ ಬೂಸ್ಟ್ (ಬ್ಲೋವರ್ ಕೂಡಿಸುವ ಒತ್ತಡ) ಅಂಕಿ ಸಮುದ್ರದ ದಂಡೆಯ ಲೆಕ್ಕ, ಅದನ್ನು ಪಕ್ಕಕ್ಕಿಟ್ಟೆ. ಹಳೇ ಪುಲ್ಲಿಯಲ್ಲಿ ಮೇಲಿನ ಆರ್‌ಪಿಎಂನಲ್ಲಿ ಒಟ್ಟು ಒತ್ತಡ 140 ಬರುತ್ತಿತ್ತು. 8 ಶೇಕಡಾ ಗಾಳಿ ಹೆಚ್ಚಿದರೆ 151ರ ಹತ್ತಿರ ಬರಬೇಕು. 4,000ದಲ್ಲಿ ಲೆಕ್ಕದಂತೆಯೇ ಏರಿತ್ತು. 5,500ಕ್ಕೆ ಹೋಗುವಷ್ಟರಲ್ಲಿ 143ಕ್ಕೆ ಕುಸಿದಿತ್ತು.

ಕೇಳಿದ ಎಲ್ಲರ ತೀರ್ಪು ಒಂದೇ: ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಈ ಎಂಜಿನ್ನಿನಲ್ಲಿ ಬ್ಲೋವರ್ ಗಾಳಿಯನ್ನು ತಿರುಗಿ ಒಳಕ್ಕೇ ಬಿಡುವ ಒಂದು ಫ್ಲಾಪ್ ಇದೆ, ಅದು ಇಸಿಯು ಹೇಳಿದಂತೆ ಕೇಳುತ್ತದೆ. ಲೆಕ್ಕಕ್ಕಿಂತ ಜಾಸ್ತಿ ಗಾಳಿ ಬಂದರೆ ಫ್ಲಾಪ್ ತೆರೆದು ವಾಪಸ್ ಕಳಿಸುತ್ತದೆ. ಮಾತು ಸರಿಯೇ. ಇಸಿಯುವಿನ ಪ್ರೋಗ್ರಾಂ (ಮ್ಯಾಪ್) ತಿದ್ದುವ ಒಬ್ಬ ಟ್ಯೂನರ್ "ಮ್ಯಾಪ್ ಬರೆಸಿ, ಎಲ್ಲಾ ಸರಿಹೋಗ್ತದೆ" ಅಂತ ಪುಲ್ಲಿಯ ಎರಡರಷ್ಟು ರೇಟು ಹೇಳಿದ. ನಾನು ಎರಡು ವಾರ ಫ್ಲಾಪ್ ಹಿಂದೆ ಬಿದ್ದೆ. ಬಿಚ್ಚಿದೆ, ತೊಳೆದೆ, ಮೋಟಾರಿನ ವೈರ್ ಅಳೆದೆ. ಏನೂ ಬದಲಾಗಲಿಲ್ಲ. ಬೆಲ್ಟ್ ಜಾರುತ್ತಿರಬಹುದು ಅಂತ ಅನುಮಾನವೂ ಇತ್ತು. ಆದರೆ ನೋಡುವುದು ಹೇಗೆ? ನಿಂತ ಗಾಡಿಯಲ್ಲಿ ಪುಲ್ಲಿಗೆ ಬಿಳಿ ಗೆರೆ ಎಳೆದು ವಿಡಿಯೋ ತೆಗೆಯಬಹುದು. ಆದರೆ ಲೋಡ್ ಇಲ್ಲದೆ ಯಾವ ಬೆಲ್ಟೂ ಜಾರುವುದಿಲ್ಲ. ಲೋಡ್ ಬರುವುದು ರಸ್ತೆಯಲ್ಲಿ, ಬಾನೆಟ್ ಮುಚ್ಚಿದಾಗ.

ಇಲ್ಲಿ ಮಾಸ್ತರ ಬಂದ. ಬಂದ ಅಂದರೆ ಪಕ್ಕದಲ್ಲೇ ಇದ್ದ, ತೂಕದ ಕಲ್ಲಿನ ಹಾಗೆ. ಏಳನೇ ಓಟವೋ ಎಂಟನೆಯದೋ. ಲ್ಯಾಪ್‌ಟಾಪ್ ಮುಚ್ಚಿ ಅಂದ: "ಏನಪಾ ಇದು, ಕೆಳಗಿನ ದನಿ ಏರಾಕತ್ತೈತಿ, ಮ್ಯಾಲಿನ ದನಿ ಜೊತಿಗೆ ಬರವಲ್ದು. ಕೊನಿಗೆ ಅರ್ಧ ಸ್ವರ ಇಳೀತೈತಿ."

ನಾನು ನಕ್ಕೆ. ಆಮೇಲೆ ಗಾಡಿ ಬದಿಗೆ ಹಾಕಿದೆ.

ಕೆಳಗಿನ ದನಿ ಅಂದರೆ ಎಕ್ಸಾಸ್ಟ್. ನಾಲ್ಕು ಸಿಲಿಂಡರ್, ಕ್ರ್ಯಾಂಕ್ ಒಂದು ಸುತ್ತಿಗೆ ಎರಡು ಬಡಿತ. ಮೇಲಿನ ದನಿ ಬ್ಲೋವರಿನ ಕೀರಲು. ಎರಡು ರೋಟರ್, ಒಂದೊಂದಕ್ಕೆ ಮೂರು ರೆಕ್ಕೆ, ಬ್ಲೋವರ್ ಒಂದು ಸುತ್ತಿಗೆ ಆರು ಮಿಡಿತ. ಬೆಲ್ಟ್ ಜಾರದಿದ್ದರೆ ಈ ಎರಡು ದನಿಗಳ ಅನುಪಾತ ಯಾವ ಆರ್‌ಪಿಎಂನಲ್ಲೂ ಒಂದೇ ಇರಬೇಕು, ತಾನಪುರದ ತಂತಿಗಳ ಹಾಗೆ. ಫ್ಲಾಪ್ ತೆರೆದರೆ ಒತ್ತಡ ಇಳಿಯುತ್ತದೆ, ಆದರೆ ಬ್ಲೋವರ್ ತಿರುಗುವ ವೇಗ ಇಳಿಯುವುದಿಲ್ಲ, ಶ್ರುತಿ ಇದ್ದಲ್ಲೇ ಇರುತ್ತದೆ. ಬೆಲ್ಟ್ ಜಾರಿದರೆ ಒತ್ತಡದ ಜೊತೆ ಶ್ರುತಿಯೂ ಇಳಿಯುತ್ತದೆ. ಎರಡು ವಾರ ಸ್ಕ್ಯಾನರ್ ಹಿಡಿದು ಹುಡುಕಿದ್ದು ಕಿವಿಯಲ್ಲೇ ಇತ್ತು!

ಫೋನನ್ನು ಸ್ಪಂಜಿನಲ್ಲಿ ಸುತ್ತಿ ವೈಪರ್ ಕೆಳಗಿನ ಗೂಡಿನಲ್ಲಿ ಟೇಪ್ ಹಾಕಿ ಕೂರಿಸಿದೆ. ಸದ್ದಿನ ಸ್ಪೆಕ್ಟ್ರಮ್ ತೋರಿಸುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ಪರದೆಯ ಮೇಲೆ ಎರಡು ಗೆರೆ ಏರುತ್ತಾ ಹೋದವು. ಫೆಬ್ರವರಿಯಲ್ಲಿ ಮಾಸ್ತರ ತನ್ನ ಫೋನಿನಲ್ಲಿ ಸುಮ್ನೆ ತೆಗೆದಿದ್ದ ಒಂದು ವಿಡಿಯೋ ಇತ್ತು. ಅದರ ಸದ್ದು ತೆಗೆದು ನೋಡಿದರೆ ಹಳೇ ಪುಲ್ಲಿಯ ಅನುಪಾತ 6.6, ಕೆಳಗಿಂದ ಮೇಲಿನವರೆಗೂ. ಹೊಸದಕ್ಕೆ 7.1 ಬರಬೇಕು. 4,000ದಲ್ಲಿ ಎಕ್ಸಾಸ್ಟ್ 133 ಹರ್ಟ್ಸ್, ಬ್ಲೋವರ್ 945ರ ಆಸುಪಾಸು. ಸರಿಯಾಗಿ 7.1. 5,500ರಲ್ಲಿ 183ಕ್ಕೆ 1,300 ಬರಬೇಕಾದದ್ದು 1,230ಕ್ಕೇ ನಿಂತಿತ್ತು. 6.7. ಹತ್ತಿರ ಆರು ಶೇಕಡಾ ಜಾರಿಕೆ. ಅರ್ಧ ಸ್ವರ ಅಂದರೂ ಅಷ್ಟೇ, ಸುಮಾರು ಆರು ಶೇಕಡಾ. ಅಪ್ಪಟ ಧಾರವಾಡದ ಕಿವಿ.

ಕಾರಣ ಆಮೇಲೆ ಹತ್ತು ನಿಮಿಷದಲ್ಲಿ ಸಿಕ್ಕಿತು. ಪುಲ್ಲಿ ಚಿಕ್ಕದಾದರೆ ಬೆಲ್ಟ್ ಅಪ್ಪಿಕೊಳ್ಳುವ ಜಾಗ ಕಡಿಮೆ, ಎಳೆಯಬೇಕಾದ ಭಾರ ಜಾಸ್ತಿ. ಸಾಲದ್ದಕ್ಕೆ ಪುಲ್ಲಿಯ ವ್ಯಾಸ 5 ಮಿಮೀ ಇಳಿದದ್ದಕ್ಕೆ ಬೆಲ್ಟ್ ಸುಮಾರು 8 ಮಿಮೀ ಸಡಿಲ. ನಾನು ಹಾಕಿದ್ದು ಅದೇ ಹಳೇ ಬೆಲ್ಟ್, ಅದಾಗಲೇ ಹಿಗ್ಗಿತ್ತು. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರಿನ ತೋಳು ಕೊನೆಯ ಗುರುತಿಗೆ ಬಂದು ಕೂತುಬಿಟ್ಟಿತ್ತು, ಇನ್ನು ಎಳೆಯಲು ಅದರ ಕೈಲಿ ಏನೂ ಉಳಿದಿರಲಿಲ್ಲ. ಅಂಗಡಿಯವನು "ಹಳೇದನ್ನೇ ಹಾಕ್ಕೊಳ್ಳಿ" ಅಂದದ್ದು ಹೌದು. ಆದರೆ ಕೇಳಿದವನು ಜಿಪುಣ, ಅದೂ ಹೌದು.

10 ಮಿಮೀ ಗಿಡ್ಡ ಬೆಲ್ಟ್ ಹುಡುಕುವುದೇ ಒಂದು ಯಾತ್ರೆ. 6ಪಿಕೆ ಅಂದರೆ ಆರು ಗೆರೆ, ಪಿಕೆ ಗೆರೆಯ ನಮೂನೆ, ಆಮೇಲಿನ ನಾಲ್ಕು ಅಂಕಿ ಮಿಮೀ ಲೆಕ್ಕದಲ್ಲಿ ಉದ್ದ. ಇದು ಬೆಲ್ಟ್ ಮಾರುವವರಿಗೆ ಗೊತ್ತಿರಬೇಕು ಅಲ್ವಾ? ಒಂದು ಅಂಗಡಿಯಲ್ಲಿ "ಇಪ್ಪತ್ತು ಮಿಮೀ ಆಚೆ ಈಚೆ ನಡೀತದ" ಅಂದರು. ಇನ್ನೊಂದರಲ್ಲಿ ಕವರಿನ ಮೇಲೆ ಒಂದು ಅಂಕಿ, ಒಳಗಿನ ಬೆಲ್ಟಿನ ಮೇಲೆ ಇನ್ನೊಂದು. ಕೊನೆಗೆ ಗೋಕುಲ ರೋಡಿನಲ್ಲಿ ಕಾರ್ಖಾನೆಗಳಿಗೆ ಬೆಲ್ಟ್ ಕೊಡುವ ಅಜ್ಜ ಒಬ್ಬರು ಟೇಪ್ ಹಿಡಿದು ಅಳೆದು ಕೊಟ್ಟರು. "ಯಾವ ಮಷೀನಿಗೆ?" ಅಂತ ಕೇಳಿದರು. "ಗಾಳಿ ಊದೋ ಮಷೀನು" ಅಂದೆ. ಸುಳ್ಳಲ್ಲ.

ಹೊಸ ಬೆಲ್ಟಿನಲ್ಲಿ 5,500ರ ಅನುಪಾತ 7.0. ಒತ್ತಡ 149. ಸಮಯ 4.4.

ಹಾಗಾದರೆ ಲಾಭ 0.2 ಸೆಕೆಂಡಾ? ನಾನೂ ಹಾಗೇ ಬರೆದುಕೊಂಡಿದ್ದೆ. ಆದರೆ ಫೆಬ್ರವರಿಯ ತಂಪು ಒಣ ಗಾಳಿ ಬೇರೆ, ಈಗಿನದು ಬೇರೆ. 17 ಡಿಗ್ರಿಯ ಗಾಳಿಗೂ 24ರ ಗಾಳಿಗೂ ಸಾಂದ್ರತೆಯಲ್ಲೇ ಎರಡು ಶೇಕಡಾ ಮೇಲೆ ವ್ಯತ್ಯಾಸ. ಹಲ್ಲು ಕಚ್ಚಿ ಹಳೇ ಪುಲ್ಲಿಯನ್ನೇ ವಾಪಸ್ ಹಾಕಿದೆ. ಹೌದು, ಪೂರ್ತಿ ಬಿಚ್ಚಿ. ಹೆಂಡತಿ ಗ್ಯಾರೇಜಿನ ಬಾಗಿಲಲ್ಲಿ ನಿಂತು "ಇದನ್ನು ಹೋದ ತಿಂಗಳು ತೆಗೆದಿರಲ್ಲ?" ಅಂದಳು. ಅದೇ ವಾರ, ಅದೇ ಮಾಸ್ತರ, ಅದೇ ರಸ್ತೆ: 4.7. ಅಂದರೆ ನಿಜವಾದ ಲಾಭ 4.7ರಿಂದ 4.4, ಆರು ಶೇಕಡಾ ಮೇಲೆ. ಬಾಕಿ ಒಂದೂವರೆ ಎರಡನ್ನು ಬ್ಲೋವರ್ ತಾನೇ ತಿರುಗಲು ತಿಂದುಕೊಂಡಿರಬೇಕು. ಇದಕ್ಕೆ ನಾನು ಒಪ್ಪುತ್ತೇನೆ. ಹೊಸದನ್ನು ಮತ್ತೆ ಹಾಕಿದೆ. ಮೂರನೇ ಸಲ. ಈಗ 50 ನಿಮಿಷದಲ್ಲಿ ಆಗುತ್ತದೆ, ಯಾರಿಗಾದರೂ ಬೇಕಿದ್ದರೆ ಹೇಳಿ.

ಇನ್ನೊಂದು ರಗಳೆ ಉಳಿದಿದೆ. ಬಿಡುವು ಕೊಡದೆ ಮೂರು ಓಟ ಬೆನ್ನುಬೆನ್ನಿಗೆ ತೆಗೆದರೆ ಒಳಗೆ ಹೋಗುವ ಗಾಳಿ 45 ಡಿಗ್ರಿಯಿಂದ 70ಕ್ಕೆ ಏರುತ್ತದೆ. ಈ ರೂಟ್ಸ್ ನಮೂನೆಯ ಬ್ಲೋವರ್ ಗಾಳಿಯನ್ನು ತಳ್ಳುವುದಕ್ಕಿಂತ ಹುರಿಯುವುದೇ ಜಾಸ್ತಿ. ಕೆಲ್ವಿನ್ ಲೆಕ್ಕದಲ್ಲಿ 318ರಿಂದ 343, ಸಾಂದ್ರತೆಯಲ್ಲಿ ಏಳೆಂಟು ಶೇಕಡಾ ಖೋತಾ. ಪುಲ್ಲಿ ಕೊಟ್ಟದ್ದನ್ನು ಬಿಸಿ ಕಿತ್ತುಕೊಂಡಿತು. ಇಂಟರ್‌ಕೂಲರ್ (ಆ ಗಾಳಿಯನ್ನು ತಣಿಸುವ ರೇಡಿಯೇಟರ್) ಮೇಲೆ ನೀರು ಸಿಂಪಡಿಸಬೇಕು. ಅದಕ್ಕೆ ಮಾರುವ ಕಿಟ್‌ಗಳ ಬೆಲೆ ನೋಡಿ ನಗು ಬಂತು. ನಮ್ಮ ಅಣ್ಣನ ಹೊಲದಲ್ಲಿ ಹತ್ತಿಗೆ ಔಷಧಿ ಹೊಡೆಯುವ ಬೆನ್ನಪಂಪು ಇದೆ, ಬ್ಯಾಟರಿಯದು, 12 ವೋಲ್ಟ್ ಡಯಾಫ್ರಮ್ ಮೋಟಾರು, ಮಂಜಿನ ಹಾಗೆ ನೀರು ಬಿಡುವ ನಾಝಲ್. ಕಾರಿನ ಬ್ಯಾಟರಿಗೆ ಸೀದಾ ಹೊಂದುತ್ತದೆ. ಡಿಕ್ಕಿಯಲ್ಲಿ ಐದು ಲೀಟರ್ ಕ್ಯಾನು, ಒಂದು ರಿಲೇ, ಒತ್ತಡ 130 ದಾಟಿದಾಗ ಆನ್ ಆಗುವ ಸ್ವಿಚ್. ನಾಝಲ್ ನಾಲ್ಕು ಸಾಕೋ ಆರು ಬೇಕೋ ಅನ್ನುವುದು ಈಗಿನ ಚಿಂತೆ. ಕ್ಯಾನಿನ ಐದು ಕೆಜಿಯನ್ನು ತೂಕದ ಲೆಕ್ಕಕ್ಕೆ ಸೇರಿಸಲು ಈ ಸಲ ಮರೆಯುವುದಿಲ್ಲ.

ಅಣ್ಣ ಪಂಪು ಕೊಡಲು ಒಪ್ಪಿದ್ದಾನೆ, ಹತ್ತಿ ಬಿಡಿಸಿದ ಮೇಲೆ. ಮಾಸ್ತರ ಮಾತ್ರ ಇನ್ನು ಬೆಳಿಗ್ಗೆ ಆರಕ್ಕೆ ಬರುವುದಿಲ್ಲವಂತೆ, ಅದು ಅವನ ರಿಯಾಜಿನ ಹೊತ್ತು. ಬದಲಿಗೆ 95 ಕೆಜಿ ಜೋಳದ ಚೀಲ ಕಟ್ಟಿಕೊಂಡು ಹೋಗು ಅಂದ. ಚೀಲಕ್ಕೆ ಕಿವಿ ಇಲ್ಲವಲ್ಲೋ ಅಂದೆ.