ವಾರೆನ್ ವಂಶಾವಳಿ: ನಾಲ್ಕು ಮತ್ತು ಆರು ತಲೆಮಾರುಗಳ ಲೆಕ್ಕ

11ನೆಯ ಶತಮಾನದ ಇಂಗ್ಲೆಂಡಿನ ಶ್ರೀಮಂತ, ಸರ್ರೆಯ ಮೊದಲ ಅರ್ಲ್ ವಿಲಿಯಂ ಡಿ ವಾರೆನ್‌ನ ವಂಶವೃಕ್ಷದಲ್ಲಿ ಎರಡು ಗೆರೆಗಳನ್ನು ನಾನು ಇದುವರೆಗೆ ಪೆನ್ಸಿಲಿನಲ್ಲೇ ಉಳಿಸಿಕೊಂಡಿದ್ದೆ. ಅವನ ಹೆಂಡತಿ ಗುಂಡ್ರಡಾ ಯಾರ ಮಗಳು ಎಂಬುದು ಒಂದು. ಅವನ ಮನೆತನಕ್ಕೂ ನಾರ್ಮಂಡಿಯ ಡ್ಯೂಕರಿಗೂ ಇದ್ದ ನಂಟು ಯಾವುದು ಎಂಬುದು ಇನ್ನೊಂದು. ಈ ತಿಂಗಳು ಮೊದಲನೆಯ ಗೆರೆಯನ್ನು ಅಳಿಸಿದ್ದೇನೆ. ಎರಡನೆಯದು ಮಾತ್ರ ಮತ್ತಷ್ಟು ಕಗ್ಗಂಟಾಗಿದೆ. ಎರಡಕ್ಕೂ ಕಾರಣ ಒಂದೇ ಪತ್ರ.

ಗುಂಡ್ರಡಾ 1085ರಲ್ಲಿ ತೀರಿಕೊಂಡಳು. ಗಂಡಹೆಂಡಿರು ಸೇರಿ ಸ್ಥಾಪಿಸಿದ್ದ ಲೂಯಿಸ್‌ನ ಕ್ರೈಸ್ತ ಮಠದಲ್ಲೇ ಅವಳನ್ನು ಸಮಾಧಿ ಮಾಡಲಾಯಿತು. ಅವಳು ಇಂಗ್ಲೆಂಡನ್ನು ಗೆದ್ದ ದೊರೆ ವಿಲಿಯಂನ ಮಗಳೆಂಬ ನಂಬಿಕೆ ಬೆಳೆದದ್ದು ಮುಖ್ಯವಾಗಿ ಆ ಮಠದ ದಾಖಲೆಗಳಿಂದ. ಅವುಗಳಲ್ಲೊಂದು ಆ ದೊರೆಯ ಹೆಂಡತಿ ರಾಣಿ ಮಟಿಲ್ಡಾಳನ್ನು ವಾರೆನ್‌ನ ಹೆಂಡತಿಯ ತಾಯಿ ಎನ್ನುತ್ತದೆ. ತಮಗೆ ದಾನವಿತ್ತವಳಲ್ಲಿ ರಾಜರಕ್ತವಿತ್ತೆಂದು ತೋರಿಸುವುದರಿಂದ ಮಠಕ್ಕೆ ಹಿರಿಮೆ ಬರುತ್ತಿದ್ದುದರಿಂದ ಈ ಸಾಕ್ಷ್ಯವನ್ನು ನಾನು ಮೊದಲಿನಿಂದಲೂ ಅನುಮಾನದಿಂದಲೇ ನೋಡಿದ್ದೇನೆ. 1774ರಲ್ಲಿ ಇಸ್‌ಫೀಲ್ಡ್ ಚರ್ಚಿನಲ್ಲಿ ಸಿಕ್ಕ ಅವಳ ಸಮಾಧಿಯ ಕಲ್ಲು ಅವಳನ್ನು ಡ್ಯೂಕರ ಕುಡಿ ಎಂದು ಕರೆಯುತ್ತದೆಯಾದರೂ, ಯಾವ ಡ್ಯೂಕರು ಎಂದು ಹೇಳುವುದಿಲ್ಲ. ಚರಿತ್ರಕಾರ ಆರ್ಡರಿಕ್ ವಿಟಾಲಿಸ್ ಪ್ರಕಾರ ಅವಳು ಫ್ಲಾಂಡರ್ಸಿನ ಗೆರ್ಬೋಡನ ಸೋದರಿ.

ಇನ್ನು ಆ ಪತ್ರ. ದೊರೆ ವಿಲಿಯಂನ ಮಗ, ಮುಂದೆ ತಾನೂ ಇಂಗ್ಲೆಂಡಿನ ದೊರೆಯಾದ ಒಂದನೆಯ ಹೆನ್ರಿ ತನ್ನ ಮಗಳೊಬ್ಬಳನ್ನು ಗುಂಡ್ರಡಾಳ ಮಗ ಎರಡನೆಯ ವಿಲಿಯಂ ಡಿ ವಾರೆನ್‌ಗೆ ಕೊಡಲು ಹೊರಟಾಗ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್, ವಧೂವರರು ಒಂದು ಕಡೆಯಿಂದ ನಾಲ್ಕನೆಯ, ಇನ್ನೊಂದು ಕಡೆಯಿಂದ ಆರನೆಯ ತಲೆಮಾರಿನಲ್ಲಿ ರಕ್ತಸಂಬಂಧಿಗಳಾದ್ದರಿಂದ ಈ ಮದುವೆ ಸಲ್ಲದು ಎಂದು ಬರೆದ. ಗುಂಡ್ರಡಾ ಹೆನ್ರಿಯ ಅಕ್ಕನೋ ತಂಗಿಯೋ ಆಗಿದ್ದರೆ ವಧೂವರರು ನೇರ ಸೋದರಸಂಬಂಧಿಗಳಾಗುತ್ತಿದ್ದರು. ಕಣ್ಣೆದುರಿನ ಆ ನಂಟನ್ನು ಬಿಟ್ಟು ಆರ್ಚ್‌ಬಿಷಪ್ ಆರು ತಲೆಮಾರು ಹಿಂದಕ್ಕೆ ಹೋಗಿ ದೋಷ ಹುಡುಕುತ್ತಿದ್ದನೇ? ಅವಳು ಮಟಿಲ್ಡಾಳಿಗೆ ಮೊದಲ ಮದುವೆಯಲ್ಲಿ ಹುಟ್ಟಿದವಳೆಂಬ 19ನೆಯ ಶತಮಾನದ ಊಹೆಯೂ ಇದೇ ಪ್ರಶ್ನೆಯ ಮುಂದೆ ಬೀಳುತ್ತದೆ.

ಎರಡನೆಯ ಗೆರೆಗೆ ಬಂದಾಗ ಅದೇ ಲೆಕ್ಕವನ್ನು ಬೆರಳೆಣಿಸಿ ನೋಡಿದೆ. ನಾರ್ಮಂಡಿಯ ಡ್ಯೂಕ್ ಒಂದನೆಯ ರಿಚರ್ಡ್‌ನ ಹೆಂಡತಿ ಡಚೆಸ್ ಗುನ್ನೋರ್‌ಳ ತಂದೆತಾಯಿಗಳಿಂದ ಕೆಳಗಿಳಿದರೆ ಗುನ್ನೋರ್, ಎರಡನೆಯ ರಿಚರ್ಡ್, ರಾಬರ್ಟ್, ದೊರೆ ವಿಲಿಯಂ, ಹೆನ್ರಿ, ಅವನ ಮಗಳು: ಸರಿಯಾಗಿ ಆರು. ಇನ್ನೊಂದು ಕಡೆ, ವಾರೆನ್‌ನ ತಾಯಿ ಗುನ್ನೋರ್‌ಳ ಸೋದರಿಯ ಮಗಳೆಂದು ಇಟ್ಟುಕೊಂಡರೆ ಸೋದರಿ, ಅವಳ ಮಗಳು, ಮೊದಲ ವಿಲಿಯಂ, ಎರಡನೆಯ ವಿಲಿಯಂ: ನಾಲ್ಕು. ವಾರೆನ್‌ನ ಮೂಲವನ್ನು ಗುನ್ನೋರ್‌ಳ ಸೋದರಿಯರ ಹೆಣ್ಣುಮಕ್ಕಳಲ್ಲಿ ಹುಡುಕುವ, 12ನೆಯ ಶತಮಾನದ ಚರಿತ್ರಕಾರ ರಾಬರ್ಟ್ ಆಫ್ ತೋರಿನ್ಯಿಯ ವಂಶಾವಳಿಗೆ ಇದು ಹೊಂದುತ್ತದೆ. ತೋರಿನ್ಯಿ ಇತರ ಕಡೆ ಎಡವಿದ್ದಾನೆಂಬುದು ಗೊತ್ತಿದ್ದರೂ, ಈ ಹೊಂದಾಣಿಕೆ ಕಂಡ ಸಂಜೆ ನನಗಾದ ಖುಷಿ ಸಣ್ಣದಲ್ಲ.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ವಾರೆನ್‌ನ ತಂದೆ ರೋಡುಲ್ಫ್‌ಗೆ ಬಿಯಾಟ್ರಿಸ್, ಎಮ್ಮಾ ಎಂಬ ಇಬ್ಬರು ಹೆಂಡಿರಿದ್ದರೆಂದು ಹಿಂದೆ ತಿಳಿಯಲಾಗಿತ್ತು. ಆದರೆ ಅದೇ ಹೆಸರಿನ ತಂದೆಮಗ ಇಬ್ಬರಿದ್ದು, ಬಿಯಾಟ್ರಿಸ್ ತಂದೆಯ ಹೆಂಡತಿ, ಎಮ್ಮಾ ಮಗನ ಹೆಂಡತಿ ಎಂಬುದು ಇತಿಹಾಸಕಾರ್ತಿ ಕೀಟ್ಸ್-ರೋಹನ್ ಅವರ ವಾದ. ಅದನ್ನು ಒಪ್ಪಿದರೆ ಒಂದು ತಲೆಮಾರು ಹೆಚ್ಚುತ್ತದೆ. ಆಗ ನಾಲ್ಕರ ಲೆಕ್ಕ ಉಳಿಯಬೇಕಾದರೆ ಒಂದೋ ಬಿಯಾಟ್ರಿಸ್ ಗುನ್ನೋರ್‌ಳ ಸೋದರಿಯ ಮಗಳಾಗದೆ ಸೋದರಿಯೇ ಆಗಿರಬೇಕು, ಇಲ್ಲವೇ ನಂಟು ಎಮ್ಮಾಳ ಕಡೆಯಿಂದ ಬಂದಿರಬೇಕು.

ಸದ್ಯಕ್ಕೆ ಹಾಳೆಯಲ್ಲಿ ಇಬ್ಬರು ರೋಡುಲ್ಫರನ್ನೂ ಬರೆದು, ಗುನ್ನೋರ್‌ಳ ಕಡೆಗೆ ಹೋಗುವ ಗೆರೆಯನ್ನು ಪೆನ್ಸಿಲಿನಲ್ಲೇ ಬಿಟ್ಟಿದ್ದೇನೆ. ಗುಂಡ್ರಡಾಳ ಪಕ್ಕದಲ್ಲಿ ಗೆರ್ಬೋಡನ ಹೆಸರನ್ನು ಶಾಯಿಯಲ್ಲಿ ಬರೆದಾಗಿದೆ. ಮುಂದಿನ ಕೆಲಸ ರೂಆನ್‌ನ ಹೋಲಿ ಟ್ರಿನಿಟಿ ಮಠದ ದಾನಪತ್ರಗಳಲ್ಲಿ ಈ ಇಬ್ಬರು ಹೆಂಗಸರ ಹೆಸರು ಬರುವ ಕ್ರಮವನ್ನು ಪಟ್ಟಿ ಮಾಡುವುದು.