ಬಿಸಿಲಿಗೆ ಉಬ್ಬಿದ ಕಲ್ಲು

ಹೆಬ್ಬಾಳದಲ್ಲಿ ಮುಚ್ಚಿಹೋದ ಒಂದು ವರ್ಕ್‌ಶಾಪ್‌ನಿಂದ ಹಳೇ ಗ್ರಾನೈಟ್ ಸರ್ಫೇಸ್ ಪ್ಲೇಟ್ ತಂದೆ. ಯಂತ್ರದ ಬಿಡಿಭಾಗಗಳನ್ನು ಇಟ್ಟು ಅಳೆಯಲು ಬಳಸುವ, ಮೇಲ್ಮೈ ತುಂಬಾ ಸಮತಟ್ಟಾದ ಕಲ್ಲು ಅದು. 600ಕ್ಕೆ 400 ಮಿಲಿಮೀಟರ್, ದಪ್ಪ 100. ತೂಕ ಸುಮಾರು 70 ಕೆಜಿ. ಕುವೆಂಪುನಗರದ ನಮ್ಮ ಮನೆ ಹಿಂದಿನ ಶೆಡ್‌ನಲ್ಲಿ, ಬೆಳಕು ಚೆನ್ನಾಗಿದೆ ಅಂತ ಪೂರ್ವದ ಕಿಟಕಿ ಪಕ್ಕ ಇಟ್ಟೆ. ಕೆಳಗೆ ನಾಲ್ಕು ಮೂಲೆಗೂ ಮರದ ತುಂಡು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಟ್ಟ ನೋಡುವ ಗುಳ್ಳೆಯ ಲೆವೆಲ್ ಇಟ್ಟು ನೋಡಿದೆ. ಒಂದು ಗೆರೆಗೆ ಮೀಟರಿಗೆ 0.02 ಮಿಲಿಮೀಟರ್ ಏರಿಳಿತ ತೋರಿಸುವಂಥದ್ದು. ಗುಳ್ಳೆ ಯಾವಾಗಲೂ ಎತ್ತರದ ಕಡೆ ಓಡುತ್ತದೆ. ಎರಡು ತುದಿಯಲ್ಲೂ ಅದು ನಡುವಿನ ಕಡೆಗೇ ಓಡಿತು. ನಡು ಉಬ್ಬಿದೆ! ಲ್ಯಾಪಿಂಗ್ ಮಾಡೋಣ, ಅಂದರೆ ಪುಡಿ ಹಾಕಿ ಉಜ್ಜಿ ಸಮ ಮಾಡೋಣ ಅಂತ ಬೀಡುಕಬ್ಬಿಣದ ಉಜ್ಜುವ ಹಲಗೆ (ಲ್ಯಾಪ್), ಡೈಮಂಡ್ ಪುಡಿ ಎತ್ತಿಟ್ಟುಕೊಂಡೆ.

ಪಕ್ಕದ ಬೀದಿಯ ಹಿರಿಯರೊಬ್ಬರು ಬಂದರು. ಕಾರ್ಖಾನೆಯ ಟೂಲ್‌ರೂಮ್‌ನಲ್ಲೇ (ಉಪಕರಣ, ಅಚ್ಚು ತಯಾರಿಸುವ ವಿಭಾಗ) ಕೆಲಸ ಮಾಡಿ ರಿಟೈರ್ ಆದವರು.

"ತಡಿಯಪ್ಪ, ಪುಡಿ ಹಾಕಬೇಡ" ಎಂದರು. ಒಂದು ಕೈ ಕಲ್ಲಿನ ಮೇಲೆ, ಒಂದು ಕೈ ಅಡಿಗೆ ಇಟ್ಟರು. "ನೀನೂ ಮುಟ್ಟಿ ನೋಡು."

ಕಿಟಕಿಯ ಬಿಸಿಲಿಗೆ ಮೇಲೆ ಬೆಚ್ಚಗೆ, ಅಡಿ ತಣ್ಣಗೆ. ಈ ಅಳತೆಯ ಕಲ್ಲಿಗೆ ಮೇಲಕ್ಕೂ ಅಡಿಗೂ ಒಂದೇ ಡಿಗ್ರಿ ವ್ಯತ್ಯಾಸ ಇದ್ದರೂ ನಡು ಸುಮಾರು 3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಮೂರು ಭಾಗ) ಏಳುತ್ತದೆ. ಆ ಉಬ್ಬನ್ನು ನಾನು ಉಜ್ಜಿ ತೆಗೆದಿದ್ದರೆ ಸಂಜೆಗೆ ಕಲ್ಲು ತಣ್ಣಗಾಗಿ ನಡು ತಗ್ಗಾಗುತ್ತಿತ್ತು. ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಕಲ್ಲನ್ನು ಒಳಗೋಡೆ ಕಡೆ ಸರಿಸಿದೆವು. ಮರದ ತುಂಡು ತೆಗೆದು ಮೂರೇ ಕಡೆ ಆಸರೆ ಕೊಟ್ಟೆವು, ತುದಿಯಿಂದ ಸುಮಾರು ಐದನೇ ಒಂದು ಭಾಗ ಒಳಗೆ. ಮೂರು ಕಾಲಿನ ಮಣೆ ಎಲ್ಲಿಟ್ಟರೂ ಅಲುಗಲ್ಲ, ಅಲ್ವಾ? ಆಮೇಲೆ ಸೋಪು ನೀರಿನಲ್ಲಿ ತೊಳೆದು, ಒರೆಸಿ, ಸುಮ್ನೆ ಬಿಟ್ಟೆವು. ಒದ್ದೆ ಕಲ್ಲು ಅಳೆಯಬಾರದು: ನೀರು ಆರುವಾಗಲೂ ಮೇಲ್ಮೈ ತಣ್ಣಗಾಗಿ ಲೆಕ್ಕ ತಪ್ಪುತ್ತದೆ.

ಮರುದಿನ ಬೆಳಿಗ್ಗೆ ಆರಕ್ಕೆ ಅಳೆದೆವು. ಉಬ್ಬು ಇರಲಿಲ್ಲ. ಆದರೆ ಅವರು ತಂದಿದ್ದ ರಿಪೀಟ್ ಗೇಜ್ (ಮೇಲ್ಮೈಯ ಸಣ್ಣ ಏರುತಗ್ಗು ಹಿಡಿಯುವ ಮುಳ್ಳಿನ ಸಾಧನ) ಎಳೆದಾಗ ಒಂದು ಅಂಚಿನ ಹತ್ತಿರ ಅಂಗೈಯಗಲ ಜಾಗದಲ್ಲಿ ಮುಳ್ಳು ಕದಲಿತು. ವರ್ಷಗಟ್ಟಲೆ ಎತ್ತರ ಅಳೆಯುವ ಹೈಟ್ ಗೇಜ್ ಅಲ್ಲೇ ಓಡಾಡಿ ಸವೆದು ತಗ್ಗಾದ ಜಾಗ. ಅಮ್ಮನ ಒರಳುಕಲ್ಲು ನುಣುಪಾದರೆ ಕುಟ್ಟಿಸಿದರೆ ಸಾಕಿತ್ತು. ಇಲ್ಲಿ ತಗ್ಗು ತುಂಬುವ ದಾರಿಯೇ ಇಲ್ಲ. ಉಳಿದ ಕಲ್ಲನ್ನೆಲ್ಲ ಆ ತಗ್ಗಿನ ಮಟ್ಟಕ್ಕೆ ಇಳಿಸಬೇಕು.

ಅಷ್ಟು ಕೆಲಸ ಸದ್ಯಕ್ಕೆ ಬೇಡ ಎಂದರು. ತಗ್ಗಿನ ಸುತ್ತ ಪೆನ್ಸಿಲ್ ಗೆರೆ ಎಳೆದು, ಆ ಅಂಚು ಗೋಡೆ ಕಡೆ ಹೋಗುವಂತೆ ಕಲ್ಲು ತಿರುಗಿಸಿದೆವು. ಕಿಟಕಿಗೆ ಅಮ್ಮನ ಹಳೇ ಸೀರೆ ಕಟ್ಟಿದೆ.