ಹೆಸರಿಲ್ಲದ ವಿಷಕ್ಕೆ ಮದ್ದು

‘ದೇಹದ ವಿಷವನ್ನೆಲ್ಲ ಹೊರಹಾಕುತ್ತದೆ’ ಎಂಬ, ನೀರಿಗೆ ಬೆರೆಸಿ ಕುಡಿಯುವ ಪುಡಿಯೊಂದರ ಜಾಹೀರಾತನ್ನು ಇಂದು ಮತ್ತೊಮ್ಮೆ ಓದಿದಾಗ, ಆ ವಿಷ ಯಾವುದು, ರಕ್ತದಲ್ಲಿ ಎಷ್ಟಿತ್ತು, ಸೇವಿಸಿದ ಮೇಲೆ ಎಷ್ಟು ಇಳಿಯಿತು ಎಂಬ ಯಾವ ಪ್ರಶ್ನೆಗೂ ಅಲ್ಲಿ ಉತ್ತರವಿಲ್ಲದಿರುವುದು ನನ್ನನ್ನು ಕಾಡಿತು. ದೇಹ ತನ್ನ ವಿಷವನ್ನು ತಾನೇ ನಿಭಾಯಿಸುತ್ತದೆ: ಯಕೃತ್ತು ವಿಷಕಾರಿ ಅಮೋನಿಯಾವನ್ನು ಅಷ್ಟೇನೂ ಹಾನಿಯಿಲ್ಲದ ಯೂರಿಯಾ ಆಗಿ ಮಾರ್ಪಡಿಸುತ್ತದೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬಹುಪಾಲನ್ನು ಮರಳಿ ಹೀರಿಕೊಂಡು, ಒಂದೆರಡು ಲೀಟರ್ ಮೂತ್ರವನ್ನಷ್ಟೇ ಹೊರಬಿಡುತ್ತವೆ. ಇಷ್ಟು ಅಚ್ಚುಕಟ್ಟಾದ ಕೆಲಸಕ್ಕೆ ಯಾವುದೋ ಪುಡಿಯ ನೆರವು ಬೇಕೆಂದು ನನಗಂತೂ ಅನ್ನಿಸುವುದಿಲ್ಲ.

ಪಾದಗಳ ಮೂಲಕ ವಿಷ ತೆಗೆಯುತ್ತದೆ ಎನ್ನುವ ಯಂತ್ರವನ್ನೇ ನೋಡಿ: ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುವಾಗ ಅದರ ಕಬ್ಬಿಣದ ವಿದ್ಯುದ್ವಾರಗಳು ಸವೆದು ತುಕ್ಕು ಬಿಡುವುದರಿಂದ ನೀರು ಕಂದು ಬಣ್ಣಕ್ಕೆ ತಿರುಗುತ್ತದೆಯೇ ಹೊರತು, ದೇಹದ ಕಲ್ಮಶದಿಂದಲ್ಲ, ಯಾರೂ ಕಾಲಿಡದಿದ್ದರೂ ಬಣ್ಣ ಹಾಗೆಯೇ ಬದಲಾಗುತ್ತದೆ.

ಸೀಸದಂಥ ನಿಜವಾದ ವಿಷ ದೇಹ ಸೇರುವುದುಂಟು, ಅದು ಗಂಭೀರವೂ ಹೌದು. ಆದರೆ ಅದನ್ನು ರಕ್ತಪರೀಕ್ಷೆಯಿಂದ ಅಳೆದು, ಅಗತ್ಯವಿದ್ದರೆ ವೈದ್ಯರೇ ನಿರ್ದಿಷ್ಟ ಔಷಧ ಕೊಡುತ್ತಾರೆ. ತಿಂಗಳುಗಟ್ಟಲೆ ಸುಸ್ತಿನಿಂದ ಬಳಲುತ್ತಿರುವವರು ರಕ್ತಹೀನತೆಯನ್ನೋ ಥೈರಾಯ್ಡ್ ತೊಂದರೆಯನ್ನೋ ಪರೀಕ್ಷಿಸಿಕೊಳ್ಳದೆ ಇಂಥ ಪಾನೀಯಗಳನ್ನು ನಂಬಿ ಕಾಲ ಕಳೆಯುವುದೇ ನನಗೆ ಹೆಚ್ಚು ನೋವು ತರುವ ಸಂಗತಿ.